ಭದ್ರಾ ಕಾಡಿನ ಹೊರ ಅಂಚಿನಲ್ಲಿ ಗ್ರಾವೆಲ್ ಸೈಕಲ್: ದಾರಿ ಹುಡುಕುವುದರಿಂದ ಮನೆ ಸೇರುವವರೆಗೆ

ಚಿಕ್ಕಮಗಳೂರು ಅಂದರೆ ಸೈಕಲ್ ಸವಾರರಿಗೆ ಮೊದಲು ನೆನಪಾಗುವುದು ಮುಳ್ಳಯ್ಯನಗಿರಿ. ಸುಮಾರು 1,930 ಮೀಟರ್ ಎತ್ತರದ ಶಿಖರ, ಕೈಮರ ದಾಟಿದ ಮೇಲೆ ಬರುವ ತಿರುವುಗಳು, ಮೇಲೆ ನಿಂತು ಒಂದು ಫೋಟೊ. ಆದರೆ ಅದು ಟಾರು ರಸ್ತೆ. ಶನಿವಾರ, ಭಾನುವಾರ ಅಲ್ಲಿ ಜೀಪು, ಟಿ.ಟಿ., ಬಾಡಿಗೆ ಬೈಕುಗಳ ನಡುವೆ ಸೈಕಲ್‌ಗೆ ಜಾಗವೇ ಇರುವುದಿಲ್ಲ. ಕಲ್ಲು ಮಣ್ಣಿನ ದಾರಿಗೆಂದೇ ಮಾಡಿದ, ಅಗಲ ಟೈರಿನ ಗ್ರಾವೆಲ್ ಸೈಕಲ್ ಕೊಂಡವರಿಗೆ ಅಲ್ಲೇನು ಕೆಲಸ?

ಜಿಲ್ಲೆಯ ಒಳ್ಳೆಯ ಗರಸು ದಾರಿಗಳು ಇರುವುದು ಬೆಟ್ಟದ ಮೇಲಲ್ಲ, ಬೆಟ್ಟದ ಪೂರ್ವದ ಬುಡದಲ್ಲಿ. ಸಖರಾಯಪಟ್ಟಣ, ಎಮ್ಮೆದೊಡ್ಡಿ, ಲಿಂಗದಹಳ್ಳಿ, ತರೀಕೆರೆ, ಲಕ್ಕವಳ್ಳಿ. ಈ ಊರುಗಳನ್ನು ಸೇರಿಸಿ ನಕ್ಷೆಯಲ್ಲಿ ಒಂದು ಗೆರೆ ಎಳೆಯಿರಿ. ಬಾಬಾಬುಡನ್‌ಗಿರಿ ಸಾಲು ಮತ್ತು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಹೊರ ಅಂಚು ಹೆಚ್ಚುಕಡಿಮೆ ಅದೇ. ಎಡಗೈ ಕಡೆ ಗುಡ್ಡ, ಬಲಗೈ ಕಡೆ ಹೊಲ, ನಡುವೆ ನಿಮ್ಮ ದಾರಿ. ಕಾಡಿನ ಒಳಗೆ ಹೋಗದೆ ಕಾಡನ್ನು ಸುತ್ತುವುದು ಹೇಗೆ ಅನ್ನುವುದೇ ಈ ಬರಹದ ವಿಷಯ.

ಮೊದಲ ಹೆಜ್ಜೆ: ನಕ್ಷೆಯಲ್ಲಿ ಬೇಡದ್ದನ್ನು ಅಳಿಸಿ

ಎಲ್ಲರೂ ಮಾಡುವುದು ಏನು? ಸವಾರಿಯ ದಾರಿ ದಾಖಲಿಸುವ ಸ್ಟ್ರಾವಾ ಅಥವಾ ಕೊಮೂಟ್ ಆ್ಯಪ್ ತೆಗೆದು, ಯಾರೋ ಹೋದ ಗೆರೆ ಹುಡುಕಿ, ಅದನ್ನೇ ಫೋನಿಗೆ ಇಳಿಸಿಕೊಳ್ಳುತ್ತಾರೆ. ಈ ಸೀಮೆಯಲ್ಲಿ ಅದು ಅಪಾಯ. ಯಾರೋ ಒಬ್ಬ ಗೇಟು ಹಾರಿ ಹೋಗಿರಬಹುದು. ಗಸ್ತಿನ ಜೀಪಿನಲ್ಲಿ ಕುಳಿತವರ ಫೋನು ಗೆರೆ ಬಿಟ್ಟಿರಬಹುದು. ಗೆರೆ ಇದೆ ಅಂದ ಮಾತ್ರಕ್ಕೆ ದಾರಿ ಇದೆ ಅಂತಲ್ಲ.

ಆದ್ದರಿಂದ ಮೊದಲು ಎಲ್ಲಿ ಹೋಗಬಾರದು ಅನ್ನುವುದನ್ನು ಗುರುತು ಮಾಡಿ. ಭದ್ರಾ ಕಾಡು 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯವಾಗಿ ಶುರುವಾಯಿತು. 1974ರಲ್ಲಿ ವಿಸ್ತಾರವಾಗಿ ಭದ್ರಾ ಹೆಸರು ಪಡೆಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಒಳಭಾಗ ಸುಮಾರು 492 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ಕಾಲಿಡುವಂತಿಲ್ಲ. ನಮ್ಮಂಥ ಹೊರಗಿನವರಲ್ಲಿ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರಿಗೆ ಮಾತ್ರ ವಿನಾಯಿತಿ. ಮೋಟಾರು ಇಲ್ಲದ ಸೈಕಲ್ ತಾನೇ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಉಪಗ್ರಹ ಚಿತ್ರದಲ್ಲಿ ಈ ಒಳಭಾಗ ನೋಡಿದರೆ ಆಸೆ ಹುಟ್ಟಿಸುವ ಕೆಂಪು ಗೆರೆಗಳು ಕಾಣುತ್ತವೆ. ಅವು ಮೂರು ಬಗೆ.

ಒಂದು, ಹಳೆಯ ಊರುಗಳ ದಾರಿ. 2001–02ರ ಹೊತ್ತಿಗೆ ಕಾಡಿನೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು, ಲಕ್ಕವಳ್ಳಿ ಕಡೆಯ ಎಂ.ಸಿ. ಹಳ್ಳಿ ಮತ್ತು ಕೆಳಗೂರಿನಲ್ಲಿ ನೆಲೆಸಿದವು. ಊರು ಹೊರಗೆ ಬಂದರೂ ಹಳೆಯ ಗಾಡಿ ದಾರಿ ನಕ್ಷೆಯಲ್ಲಿ ಉಳಿದುಬಿಟ್ಟಿದೆ. ಎರಡು, ಗಸ್ತಿನ ಜೀಪು ದಾರಿ. ಮೂರು, ಬೆಂಕಿ ರೇಖೆ. ಬೇಸಿಗೆಗೆ ಮೊದಲು ಕಾಡ್ಗಿಚ್ಚು ಹರಡದಂತೆ ಗಿಡಗಂಟಿ ಸವರಿ ಪಟ್ಟಿ ಬಿಡುತ್ತಾರಲ್ಲ, ಅದು. ಮೇಲಿನಿಂದ ನೋಡಿದರೆ ಥೇಟ್ ಗ್ರಾವೆಲ್ ರಸ್ತೆ. ಇಳಿಜಾರು ನೋಡದೆ ನೇರ ಗುಡ್ಡ ಹತ್ತಿದ್ದರೆ ಅದು ಬೆಂಕಿ ರೇಖೆಯೇ. ಗಾಡಿ ಹೋಗುವ ದಾರಿ ಯಾವತ್ತೂ ಬಳಸಿಕೊಂಡು ಹತ್ತುತ್ತದೆ.

ಈ ಮೂರನ್ನೂ ಅಳಿಸಿ. ಬಾಬಾಬುಡನ್‌ಗಿರಿಯಿಂದ ಗಾಳಿಕೆರೆ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗುವ ಹಾದಿಯನ್ನೂ ಅಳಿಸಿ. ಅದು ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಡುವಿನ ಹಾದಿ. ಮಳೆಗಾಲದಲ್ಲಿ ಟೈರು ಕೊರೆದ ಗೀರು ಮುಂದೆ ನೀರಿನ ಕಾಲುವೆಯಾಗಿ ಇಡೀ ಇಳಿಜಾರನ್ನೇ ತಿನ್ನುತ್ತದೆ. ನಡೆದು ಹೋಗುವವರಿಗೇ ಇಲಾಖೆಯ ಅನುಮತಿ ಬೇಕು. ಸೈಕಲ್ ಅಲ್ಲಿಗೆ ಬೇಡ.

ಎರಡನೇ ಹೆಜ್ಜೆ: ದಾರಿ ಯಾರದು ಅಂತ ನೋಡಿ

ಕಾಡು ತೆಗೆದ ಮೇಲೆ ಉಳಿಯುವುದು ಹಳ್ಳಿ ದಾರಿ, ನಾಲೆ ದಾರಿ, ತೋಟದ ದಾರಿ, ಕಾವಲಿನ (ದನ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲಿನ) ಪಕ್ಕದ ದಾರಿ.

ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ರೈತರ ಫೋನಿನಲ್ಲೆಲ್ಲ ಇದೆ, ಸೈಕಲ್‌ನವರ ಫೋನಿನಲ್ಲಿ ಯಾಕೋ ಕಾಣುವುದಿಲ್ಲ. ನೀವು ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಆ ದಾರಿ ಯಾರದೋ ಹಿಡುವಳಿ ಜಮೀನಿನ ಮೇಲಿದೆಯೋ, ಸರ್ಕಾರಿ ಜಾಗವೋ ಅಂತ ಅಂದಾಜು ಸಿಗುತ್ತದೆ. ಹಳ್ಳಿಯವರು "ಇದು ನಕಾಶೆ ದಾರಿ" ಅಂದರೆ ಗ್ರಾಮ ನಕ್ಷೆಯಲ್ಲೇ ಇರುವ ದಾರಿ, ಯಾರೂ ತಡೆಯುವಂತಿಲ್ಲ. "ನಮ್ಮ ಹೊಲಕ್ಕೆ ಬಿಟ್ಟ ದಾರಿ" ಅಂದರೆ ಅವರ ಮನಸ್ಸಿಗೆ ಬಿಟ್ಟದ್ದು. ಕೇಳಿ ಹೋಗಿ.

ಕಾಫಿ ತೋಟದ ದಾರಿ ಪೂರ್ತಿ ಖಾಸಗಿ. ಗೇಟು ತೆರೆದಿದ್ದರೂ ಖಾಸಗಿಯೇ. ಮಾಲೀಕರು ಊರಲ್ಲಿ ಇಲ್ಲದಿದ್ದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಕೇಳಬೇಕು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್ ತನಕ. ಈ ತಿಂಗಳುಗಳಲ್ಲಿ ಕೇಳಲೇ ಬೇಡಿ. ತಿರುವಿನಲ್ಲಿ ಚೀಲ ತುಂಬಿದ ಟ್ರ್ಯಾಕ್ಟರ್, ಆಳುಗಳನ್ನು ತುಂಬಿದ ಪಿಕಪ್ ಎದುರಾಗುತ್ತವೆ. ಕಾಫಿ, ಮೆಣಸು ಕಳ್ಳತನದ ಭಯ ಬೇರೆ ಇರುತ್ತದೆ. ಬೆನ್ನಿಗೆ ಚೀಲ ಹಾಕಿದ ಅಪರಿಚಿತರು ಯಾರಿಗೂ ಬೇಕಿಲ್ಲ.

ದಾರಿ ಕೇಳುವುದಕ್ಕೂ ಒಂದು ಕ್ರಮ ಇದೆ. "ಅಣ್ಣಾ, ಈ ದಾರಿ ಎಮ್ಮೆದೊಡ್ಡಿಗೆ ಹೋಗುತ್ತಾ?" ಅಂತ ಕೇಳಬೇಡಿ. "ಹ್ಞೂ, ಹೋಗುತ್ತೆ" ಅನ್ನುತ್ತಾರೆ. ಹತ್ತು ಹೊಲ ಬಳಸಿ ಹೋದರೂ ಹೋಗುತ್ತೆ ಅಲ್ವಾ! "ಯಜಮಾನ್ರೇ, ಈ ದಾರಿ ಎಲ್ಲಿಗೆ ಹೋಗುತ್ತೆ? ಟ್ರ್ಯಾಕ್ಟರ್ ಓಡಾಡುತ್ತಾ?" ಅಂತ ಕೇಳಿ. ಟ್ರ್ಯಾಕ್ಟರ್ ಹೋಗುತ್ತದೆ ಅಂದರೆ ಸೈಕಲ್ ಖಂಡಿತ ಹೋಗುತ್ತದೆ. "ಬೈಕ್ ಹೋಗುತ್ತೆ, ಟ್ರ್ಯಾಕ್ಟರ್ ಹೋಗಲ್ಲ" ಅಂದರೆ ಮುಂದೆ ಹಳ್ಳ ಅಥವಾ ಬದು ಇದೆ, ಸೈಕಲ್ ಹೊರಬೇಕು.

ಮೂರನೇ ಹೆಜ್ಜೆ: ಮಳೆ ಮತ್ತು ಮಣ್ಣು

ಈ ಜಿಲ್ಲೆಯಲ್ಲಿ ಋತು ಅನ್ನುವುದು ಊರಿಂದ ಊರಿಗೆ ಬೇರೆ. ಶೃಂಗೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಕಡೂರಿನಲ್ಲಿ ಸುಮಾರು 600. ಬಾಬಾಬುಡನ್ ಸಾಲು ಮೋಡವನ್ನು ತಡೆದು ನಿಲ್ಲಿಸುವುದರಿಂದ ಹೀಗೆ. ಜುಲೈನಲ್ಲಿ ಮಲ್ಲಂದೂರಿನಲ್ಲಿ ಕೊಡೆ ಮುಚ್ಚಲು ಆಗದಿರುವ ದಿನ ಸಖರಾಯಪಟ್ಟಣದಾಚೆ ಧೂಳು ಏಳುತ್ತಿರುತ್ತದೆ. ಹಾಗಾಗಿ ಮಳೆಗಾಲದಲ್ಲೂ ಪೂರ್ವದ ಅಂಚಿನಲ್ಲಿ ಸವಾರಿ ಆಗುತ್ತದೆ. ಒಂದೇ ತೊಂದರೆ ಗಾಳಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮದಿಂದ ಜೋರಾಗಿ ಬೀಸುತ್ತದೆ. ಆ ತಿಂಗಳುಗಳಲ್ಲಿ ಬೆಳಗ್ಗೆ ತಾಜಾ ಇರುವಾಗ ಗುಡ್ಡದ ಕಡೆಗೆ ತುಳಿಯಿರಿ, ಮಧ್ಯಾಹ್ನ ಗಾಳಿ ಬೆನ್ನಿಗೆ ಹಾಕಿಕೊಂಡು ಕಡೂರಿನ ಕಡೆ ಬನ್ನಿ. ಉಲ್ಟಾ ಮಾಡಿದರೆ ಕೊನೆಯ ಇಪ್ಪತ್ತು ಕಿ.ಮೀ. ಸಾಕು ಸಾಕಾಗುತ್ತದೆ.

ಅತ್ಯುತ್ತಮ ಕಾಲ ಅಕ್ಟೋಬರ್ ಕೊನೆಯಿಂದ ಜನವರಿ. ಮಳೆಯ ಜೋರು ಇಳಿದು ಗರಸು ಗಟ್ಟಿಯಾಗಿ ಕೂತಿರುತ್ತದೆ, ಧೂಳು ಇನ್ನೂ ಎದ್ದಿರುವುದಿಲ್ಲ. ಫೆಬ್ರವರಿ ನಂತರ ಅದೇ ದಾರಿಯಲ್ಲಿ ನೊರಜುಗಲ್ಲು ಸಡಿಲವಾಗಿ ಮುಂದಿನ ಚಕ್ರ ಜಾರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಇಲಾಖೆಯವರು ಕಾಡಂಚಿನಲ್ಲಿ ಯಾರನ್ನು ಕಂಡರೂ ನಿಲ್ಲಿಸಿ ವಿಚಾರಿಸುತ್ತಾರೆ. ಅದು ಅವರ ಕೆಲಸ. ಬೆಂಕಿಪೊಟ್ಟಣ, ಲೈಟರ್ ಚೀಲದಲ್ಲಿ ಇರಬಾರದು.

ದೀಪಾವಳಿ ಹೊತ್ತಿನಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ದಿನ ಮತ್ತು ಡಿಸೆಂಬರಿನ ದತ್ತ ಜಯಂತಿ ದಿನಗಳಲ್ಲಿ ಕೈಮರ, ಮಲ್ಲೇನಹಳ್ಳಿ ಕಡೆ ಹೋಗಬೇಡಿ. ರಸ್ತೆ ತುಂಬ ಜನ, ಪೊಲೀಸ್ ನಾಕಾ.

ಇನ್ನು ಮಣ್ಣು. ಗುಡ್ಡದ ಬುಡದಲ್ಲಿ ಕೆಮ್ಮಣ್ಣು ಮತ್ತು ಗರಸು. ಮಳೆ ನಿಂತು ಅರ್ಧ ದಿನ ಬಿಟ್ಟರೆ ಓಡಿಸಬಹುದು. ತರೀಕೆರೆ, ಅಜ್ಜಂಪುರ ಕಡೆ ಅಲ್ಲಲ್ಲಿ ಎರೆಮಣ್ಣು ಸಿಗುತ್ತದೆ. ಒಣಗಿದ್ದಾಗ ಅದು ಕಾಂಕ್ರೀಟ್. ಒದ್ದೆಯಾದರೆ ಮುದ್ದೆಗೆ ಕೂಡಿಸಿದ ಹಿಟ್ಟಿನ ಹಾಗೆ ಟೈರಿಗೆ ಸುತ್ತಿಕೊಂಡು, ಫೋರ್ಕಿನ ಸಂದಿಗೆ ಮೆತ್ತಿ, ಚಕ್ರವನ್ನೇ ನಿಲ್ಲಿಸುತ್ತದೆ. ತುಳಿದರೆ ಹಿಂದಿನ ಡಿರೈಲರ್ (ಗೇರ್ ಬದಲಿಸುವ ಭಾಗ) ಮುರಿಯುತ್ತದೆ. ಎರೆಹೊಲದ ನಡುವಿನ ದಾರಿ ಒದ್ದೆಯಾಗಿ ಕಂಡರೆ ಚರ್ಚೆ ಬೇಡ, ಹಿಂದಕ್ಕೆ ತಿರುಗಿ.

ನಾಲ್ಕನೇ ಹೆಜ್ಜೆ: ಸೈಕಲ್ ಸಿದ್ಧತೆ

ದುಬಾರಿ ಗ್ರಾವೆಲ್ ಸೈಕಲ್ಲೇ ಬೇಕು ಅಂತೇನಿಲ್ಲ. ಒಳ್ಳೆಯ ಬ್ರೇಕ್ ಇರುವ ಹಳೆಯ ಎಂ.ಟಿ.ಬಿ. (ಮೌಂಟನ್ ಬೈಕ್), 40 ಮಿ.ಮೀ. ಟೈರು ಹಿಡಿಸುವ ಹೈಬ್ರಿಡ್ ಎರಡೂ ಸಾಕು. ಆದರೆ ಟೈರಿನ ವಿಷಯದಲ್ಲಿ ರಾಜಿ ಬೇಡ. 40ರಿಂದ 45 ಮಿ.ಮೀ. ಅಗಲ, ಅಂಚಿನಲ್ಲಿ ಸ್ವಲ್ಪ ಗುಬುಟು ಇರಲಿ.

ಕಡೂರು ಸೀಮೆಯ ದೊಡ್ಡ ಶತ್ರು ಕಲ್ಲಲ್ಲ, ಬಳ್ಳಾರಿ ಜಾಲಿ ಮುಳ್ಳು. ಕೆರೆ ಏರಿ, ಹೊಲದ ಬೇಲಿ, ರೈಲ್ವೆ ಹಳಿ ಪಕ್ಕ ಎಲ್ಲ ಕಡೆ ಅದು. ಬೇಲಿ ಸವರಿದ ವಾರದಲ್ಲಿ ಹೋದರೆ ದಾರಿ ತುಂಬ ಮುಳ್ಳು. ಟ್ಯೂಬ್ ಇದ್ದರೆ ಒಂದೇ ಬೆಳಗ್ಗೆ ಎರಡು ಮೂರು ಪಂಕ್ಚರ್ ಆಶ್ಚರ್ಯ ಅಲ್ಲ. ಟ್ಯೂಬ್‌ಲೆಸ್ ಮಾಡಿಸಿ, ತೂತನ್ನು ತಾನೇ ಮುಚ್ಚುವ ದ್ರವ, ಸೀಲೆಂಟ್, ತುಂಬಿಸಿ. ನಮ್ಮ ಬಿಸಿಲಿಗೆ ಸೀಲೆಂಟ್ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಚಕ್ರ ಅಲ್ಲಾಡಿಸಿ ಒಳಗೆ ಸಪ್ಪಳ ಬರುತ್ತಾ ನೋಡಿ. ಟ್ಯೂಬ್‌ಲೆಸ್ ಆಗದ ಚಕ್ರವಾದರೆ ಟ್ಯೂಬಿಗೇ ಸೀಲೆಂಟ್ ಹಾಕಿಸಬಹುದು.

ಗಾಳಿ ಎಷ್ಟು? 70 ಕೆ.ಜಿ. ತೂಕದವರು 42 ಮಿ.ಮೀ. ಟ್ಯೂಬ್‌ಲೆಸ್ ಟೈರಿಗೆ ಮುಂದೆ 30, ಹಿಂದೆ 33 ಪಿ.ಎಸ್‌.ಐ.ಯಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಐದು ಜಾಸ್ತಿ. ಪಂಕ್ಚರ್ ಅಂಗಡಿಯಲ್ಲಿ "ಫುಲ್ ಹೊಡಿಲಾ ಸಾರ್?" ಅಂದರೆ ಬೇಡ ಅನ್ನಿ. ಕಲ್ಲಿನ ದಾರಿಯಲ್ಲಿ ಬಿಗಿ ಟೈರು ಪುಟಿಯುತ್ತದೆ, ಕೈ ನೋಯುತ್ತದೆ, ಹಿಡಿತವೂ ಇಲ್ಲ. ಇನ್ನೊಂದು ವಿಷಯ, ಆ ಅಂಗಡಿಗಳ ಗಾಳಿ ಮೆಷಿನ್ ಬೈಕು, ಕಾರಿನ ವಾಲ್ವಿಗೆ ಮಾಡಿದ್ದು. ನಿಮ್ಮದು ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಹಿತ್ತಾಳೆಯ ಅಡಾಪ್ಟರ್ ಒಂದು ಕೀ ಗೊಂಚಲಿಗೆ ಹಾಕಿಕೊಳ್ಳಿ. ಅದಿಲ್ಲದೆ ಬೀರೂರಿನಲ್ಲೂ ಗಾಳಿ ಸಿಗುವುದಿಲ್ಲ.

ಗೇರಿನ ಲೆಕ್ಕ ಸುಲಭ. ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲು ಹಿಂದಿನದಕ್ಕಿಂತ ಜಾಸ್ತಿ ಇರಬಾರದು. ಮುಂದೆ 32 ಇದ್ದರೆ ಹಿಂದೆ 32 ಅಥವಾ ಮೇಲೆ. ಚಕ್ರ ಜಾರುವ ಏರಿನಲ್ಲಿ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಕೂತೇ ಹತ್ತಬೇಕು.

ಚೀಲದಲ್ಲಿ: ಚೈನ್ ಟೂಲ್, ಕ್ವಿಕ್ ಲಿಂಕ್, ಟ್ಯೂಬ್‌ಲೆಸ್ ಪ್ಲಗ್, ಒಂದು ಟ್ಯೂಬ್, ಪಂಪು, ಡಿರೈಲರ್ ಹ್ಯಾಂಗರ್. ಡಿರೈಲರನ್ನು ಸೈಕಲ್‌ಗೆ ಹಿಡಿದಿಡುವ ಈ ಹ್ಯಾಂಗರ್ ಪ್ರತಿ ಸೈಕಲ್‌ಗೂ ಬೇರೆ ಬೇರೆ, ಇಲ್ಲಿ ಎಲ್ಲೂ ಸಿಗದು, ಮೊದಲೇ ತರಿಸಿಟ್ಟುಕೊಳ್ಳಿ. ನೀರು ಕನಿಷ್ಠ ಎರಡೂವರೆ ಲೀಟರ್. ತಿನ್ನಲು ಕಡಲೆ ಮಿಠಾಯಿ, ಬಾಳೆಹಣ್ಣು. ಜೆಲ್ಲು ಗಿಲ್ಲು ಸುಮ್ನೆ ದುಡ್ಡು ದಂಡ. ಕಡೂರು ಕಡೆ ಎಳನೀರು ಎಲ್ಲೆಲ್ಲೂ ಸಿಗುತ್ತದೆ.

ಐದನೇ ಹೆಜ್ಜೆ: ದಾರಿ ಆರಿಸಿ

ಗರಸು ದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 12ರಿಂದ 15 ಕಿ.ಮೀ. ಟಾರಿನಲ್ಲಿ ನೂರು ಹೊಡೆಯುವವರು ಇಲ್ಲಿ ಐವತ್ತು ಅರವತ್ತಕ್ಕೆ ನಿಲ್ಲಿಸುವುದು ಒಳ್ಳೆಯದು. ಸೂರ್ಯ ಹುಟ್ಟಿದ ಮೇಲೆ ಹೊರಟು, ಸಂಜೆ ಐದಕ್ಕೆಲ್ಲ ಟಾರು ರಸ್ತೆ ಸೇರಿರಬೇಕು.

ಅಯ್ಯನಕೆರೆ, ಎಮ್ಮೆದೊಡ್ಡಿ, ಮದಗದಕೆರೆ

ಒಂದೇ ದಿನ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಚಿಕ್ಕಮಗಳೂರಿನಿಂದ ಕಡೂರಿಗೆ 40 ಕಿ.ಮೀ. ಹೆದ್ದಾರಿ. ಅರ್ಧಕ್ಕಿಂತ ತುಸು ಮುಂದೆ ಸಖರಾಯಪಟ್ಟಣ. ಅಲ್ಲಿಯವರೆಗೆ ಕಾರಿನಲ್ಲಿ ಬಂದು, ಊರಲ್ಲಿ ತಿಂಡಿ ತಿಂದು, ಸೈಕಲ್ ಇಳಿಸಿ. ರೈಲೂ ಇದೆ. ಕಡೂರು–ಚಿಕ್ಕಮಗಳೂರು ಮಾರ್ಗ ಶುರುವಾದದ್ದು 2013ರಲ್ಲಿ, ಸಖರಾಯಪಟ್ಟಣದಲ್ಲಿ ನಿಲ್ದಾಣ ಇದೆ. ಸೈಕಲ್ ಬಿಚ್ಚಿ ಚೀಲದಲ್ಲಿ ತರುವವರಿಗೆ ಅನುಕೂಲ.

ಸಖರಾಯಪಟ್ಟಣದಿಂದ ಶಕುನಗಿರಿ ಕಡೆ ತಿರುಗಿದರೆ ಅಯ್ಯನಕೆರೆ. ಈ ಕೆರೆ ಕಟ್ಟಿಸಿದ್ದು ಇಲ್ಲಿಯ ರುಕ್ಮಾಂಗದ ರಾಯ ಅನ್ನುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ದುರಸ್ತಿ ಆಯಿತು. ಕೆರೆ ತುಂಬುವುದು ಬಾಬಾಬುಡನ್ ಸಾಲಿನಿಂದ ಇಳಿಯುವ ಗೌರಿಹಳ್ಳದಿಂದ. ಆದ್ದರಿಂದ ಬಯಲಿನಲ್ಲಿ ಮಳೆ ಇಲ್ಲದಿದ್ದರೂ ಗುಡ್ಡದ ಮಳೆಗೆ ಕೋಡಿ ಬೀಳಬಹುದು. ಸವಾರರಿಗೆ ಇದು ಗೊತ್ತಿರಬೇಕು. ಕೋಡಿ ಹರಿಯುವಾಗ ಕೆಳಗಿನ ತಗ್ಗು ಸೇತುವೆಗಳ ಮೇಲೆ ನೀರು ಓಡುತ್ತದೆ, ಕಲ್ಲಿನ ಮೇಲೆ ಪಾಚಿ ಇರುತ್ತದೆ. ಇಳಿದು, ಸೈಕಲ್ ಅನ್ನು ನೀರು ಹರಿದು ಹೋಗುವ ಬದಿಗೆ ಇಟ್ಟುಕೊಂಡು ದಾಟಿ. ಮೊಣಕಾಲು ಮುಳುಗುವಷ್ಟಿದ್ದರೆ ದಾಟಲೇಬೇಡಿ.

ಏರಿಯ ಮೇಲೆ ಸಂಜೆ, ಭಾನುವಾರ ಜನ ಜಾಸ್ತಿ. ಬೆಳಗ್ಗೆ ಯಾರೂ ಇಲ್ಲ. ಏರಿ ದಾಟಿ ಉತ್ತರಕ್ಕೆ ಹೊರಟರೆ ಗುಡ್ಡದ ಸಾಲು ಎಡಕ್ಕೆ ಉಳಿಯುತ್ತದೆ. ಇಲ್ಲಿಂದ ಎಮ್ಮೆದೊಡ್ಡಿ ತನಕ ಹಳ್ಳಿಯಿಂದ ಹಳ್ಳಿಗೆ ಹಾರುವ ಆಟ. ಟಾರು ಸ್ವಲ್ಪ, ಗರಸು ಸ್ವಲ್ಪ, ಮತ್ತೆ ಟಾರು. ಪ್ರತಿ ವರ್ಷ ಯಾವುದೋ ಒಂದು ತುಂಡಿಗೆ ಡಾಂಬರು ಬೀಳುತ್ತದೆ. ಊರಿನವರಿಗೆ ಅದು ಬೇಕೇ ಬೇಕು, ನಮ್ಮ ಗ್ರಾವೆಲ್ ಹೋಯಿತು ಅಂತ ಗೊಣಗುವುದು ಸರಿಯಲ್ಲ. ಹೊಸ ಉಪಗ್ರಹ ಚಿತ್ರ ನೋಡಿ ಪಕ್ಕದ ದಾರಿ ಹುಡುಕಿ ಅಷ್ಟೆ.

ಎಮ್ಮೆದೊಡ್ಡಿಯ ಮದಗದಕೆರೆ ಗುಡ್ಡಕ್ಕೆ ಇನ್ನೂ ಹತ್ತಿರ. ಅಯ್ಯನಕೆರೆಯ ಕಡೆಯಿಂದ ವೇದಾ, ಮದಗದಕೆರೆಯ ಕಡೆಯಿಂದ ಅವತಿ ಹೊರಟು, ಕಡೂರಿನ ಬಳಿ ಕೂಡಿ ವೇದಾವತಿ ಆಗುತ್ತವೆ. ಎರಡು ಕೆರೆ ಮುಟ್ಟಿ ಕಡೂರಿಗೆ ಬಂದರೆ ಒಂದು ನದಿಯ ಎರಡು ಮೂಲಗಳ ನಡುವೆ ಸುತ್ತಿದ ಹಾಗಾಯಿತು. ಕೆರೆಯ ಹಿಂದಿನ ಕಾಡು ಮೀಸಲು ಅರಣ್ಯ, ಆ ಕಡೆಗೆ ಹೋಗುವ ಜೀಪು ದಾರಿ ಎಷ್ಟೇ ಚೆನ್ನಾಗಿ ಕಂಡರೂ ಬಿಡಿ. ಕರಡಿ ಇರುವ ಜಾಗ. ಇಲ್ಲಿಂದ ಬೀರೂರಿಗೆ ಇಳಿಯುವುದೆಲ್ಲ ಹಗುರ. ತೆಂಗು, ಅಡಿಕೆ, ಜೋಳ, ಅಲ್ಲಲ್ಲಿ ಕುರಿ ಹಿಂಡು. ಹಿಂಡಿನ ಜೊತೆ ನಾಯಿ ಇದ್ದೇ ಇರುತ್ತದೆ. ಓಡಿಸಿಕೊಂಡು ಹೋದರೆ ಬೆನ್ನಟ್ಟುತ್ತದೆ. ಇಳಿದು, ಸೈಕಲ್ ಅನ್ನು ನಾಯಿಗೂ ನಿಮಗೂ ನಡುವೆ ಇಟ್ಟು ನಡೆಯಿರಿ. ಕುರಿಯವರನ್ನು ಮಾತಾಡಿಸಿದರೆ ನಾಯಿ ಸುಮ್ಮನಾಗುತ್ತದೆ.

ಬೀರೂರು ತಲುಪಿದರೆ ದೊಡ್ಡ ರೈಲು ನಿಲ್ದಾಣ. ಬೆಂಗಳೂರು–ಹುಬ್ಬಳ್ಳಿ ಮಾರ್ಗ ಹಾಗೂ ಶಿವಮೊಗ್ಗದ ಕವಲು ಎರಡೂ ಇಲ್ಲಿ ಸೇರುತ್ತವೆ. ಸಖರಾಯಪಟ್ಟಣಕ್ಕೇ ವಾಪಸ್ ಬರಬೇಕಾದವರು ಕಡೂರಿಗೆ ಬಂದು ಹೆದ್ದಾರಿ ಪಕ್ಕದ ಹಳ್ಳಿ ದಾರಿ ಹಿಡಿಯಬಹುದು.

ತರೀಕೆರೆ, ಲಕ್ಕವಳ್ಳಿ, ನಾಲೆ ದಾರಿ

ತರೀಕೆರೆಗೆ ಶಿವಮೊಗ್ಗದ ರೈಲಿನಲ್ಲಿ ಬರಬಹುದು. ಲಕ್ಕವಳ್ಳಿ ಅಲ್ಲಿಂದ ಸುಮಾರು 20 ಕಿ.ಮೀ. ಭದ್ರಾ ಅಣೆಕಟ್ಟೆಯಿಂದ ಹೊರಡುವ ಬಲದಂಡೆ ನಾಲೆ ನೂರು ಕಿ.ಮೀ.ಗೂ ಉದ್ದ, ದಾವಣಗೆರೆ ತನಕ ಹೋಗುತ್ತದೆ. ನಾಲೆಯ ಪಕ್ಕದಲ್ಲಿ ನೀರಾವರಿಯವರ ಗಾಡಿ ಓಡಾಡಲು ಗರಸು ದಾರಿ. ಏರಿಳಿತ ಇಲ್ಲವೇ ಇಲ್ಲ ಅನ್ನಬಹುದು. ಗ್ರಾವೆಲ್ ಹೊಸದಾಗಿ ಕಲಿಯುವವರಿಗೆ, ಮಕ್ಕಳನ್ನು ಕರೆತರುವವರಿಗೂ ಇದು ಸರಿ ಅಂತ ಕಾಣುತ್ತದೆ, ಆದರೆ ಒಂದು ಎಚ್ಚರಿಕೆ. ನಾಲೆಯ ಇಳಿಜಾರಿಗೆ ಕಾಂಕ್ರೀಟ್ ಹಾಸು ಇದೆ, ಒದ್ದೆ ಆದರೆ ಕೈಗೆ ಹಿಡಿತವೇ ಸಿಗುವುದಿಲ್ಲ. ಈಜು ಬರುವವರೂ ಹತ್ತಿ ಬರಲಾಗದೆ ಹೋಗಿದ್ದಾರೆ. ನೀರು ಬಿಟ್ಟಿರುವ ದಿನಗಳಲ್ಲಿ ನಾಲೆಯ ಅಂಚು ಬಿಟ್ಟು ಹೊರಬದಿಯ ಗಾಲಿ ಜಾಡಿನಲ್ಲೇ ಓಡಿಸಿ. ಬಾಟಲಿ ತುಂಬಲು ಬಗ್ಗಬೇಡಿ. ಮಕ್ಕಳನ್ನು ಕರೆತಂದರೆ ನೀರಿಲ್ಲದ ದಿನ ತನ್ನಿ.

ಜಲಾಶಯ ತುಂಬುವುದು 186 ಅಡಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅದನ್ನು ನೋಡಬೇಕಾದರೆ ಲಕ್ಕವಳ್ಳಿಯ ದೋಣಿ ಸಫಾರಿಗೆ ಹೋಗಿ. ಹಿನ್ನೀರು ಇಳಿದ ಬಯಲಿನಲ್ಲಿ ಸೈಕಲ್ ಇಳಿಸುವ ಐಡಿಯಾ ಬೇಡ, ಅದೂ ಸಂರಕ್ಷಿತ ಜಾಗವೇ.

ವಾಪಸ್ ತರೀಕೆರೆಗೆ ಬಂದು ಕಾಲಿನಲ್ಲಿ ಇನ್ನೂ ಶಕ್ತಿ ಇದ್ದರೆ ಅಮೃತಾಪುರಕ್ಕೆ ತುಳಿಯಿರಿ. ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿ ಇದೆ. ಬೇಲೂರು, ಹಳೇಬೀಡಿನ ಗದ್ದಲ ಇಲ್ಲಿಲ್ಲ.

ಬಾಸೂರು ಕಾವಲಿನ ಸುತ್ತ

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಆಯಿತು. 736 ಹೆಕ್ಟೇರ್ ಹುಲ್ಲುಗಾವಲು, ಅದರಲ್ಲಿ ಕೃಷ್ಣಮೃಗ. ನೋಡಲು ಬಟಾಬಯಲು, ಎಲ್ಲಿ ಬೇಕಾದರೂ ನುಗ್ಗಬಹುದು ಅನ್ನಿಸುತ್ತದೆ. ನುಗ್ಗಬೇಡಿ. ಹುಲ್ಲಿನಲ್ಲಿ ನೆಲದ ಮೇಲೇ ಗೂಡು ಮಾಡುವ ಹಕ್ಕಿಗಳಿವೆ, ಜಿಂಕೆ ಮರಿಗಳು ಅಲ್ಲೇ ಅಡಗಿ ಮಲಗಿರುತ್ತವೆ. ಅಂಚಿನ ಹಳ್ಳಿ ದಾರಿಯಿಂದಲೇ ಹಿಂಡು ಕಾಣುತ್ತದೆ. ಚಪ್ಪಟೆ ನೆಲ, ನೆರಳಿಲ್ಲ, ಬೆಳಗ್ಗೆ ಒಂಬತ್ತಕ್ಕೆ ಮುಗಿಸುವ ಸವಾರಿ.

ಮುತ್ತೋಡಿ ಮತ್ತು ಹಿರೇಕೊಳಲೆ

ಮಲ್ಲಂದೂರು ಮೇಲೆ ಮುತ್ತೋಡಿ ಗೇಟಿನ ತನಕ ಟಾರು ಇದೆ, ಗೇಟಿನಿಂದ ಹಿಂದಕ್ಕೆ ಬರಬೇಕು. ಚೆಲುವಾದ ರಸ್ತೆ, ಗ್ರಾವೆಲ್ ಅಲ್ಲ. ಹಿರೇಕೊಳಲೆ ಕೆರೆ ಚಿಕ್ಕಮಗಳೂರಿನಿಂದ ಹತ್ತು ಕಿ.ಮೀ. ಆಸುಪಾಸು, ಹೊಸ ಟೈರಿನ ಗಾಳಿ ಸರಿ ಇದೆಯಾ ನೋಡಲು ಸಾಕು.

ಆರನೇ ಹೆಜ್ಜೆ: ಆನೆ

ಹಾಸನ ಕಡೆಯಿಂದ ಬರುವವರು ಆಲೂರು, ಸಕಲೇಶಪುರ, ಬೇಲೂರಿನ ತೋಟದ ದಾರಿಗಳನ್ನು ಬಿಟ್ಟು ಇಷ್ಟು ದೂರ ಯಾಕೆ ಬರಬೇಕು ಅನ್ನಬಹುದು. ಕಾರಣ ಆನೆ. ಆ ಸೀಮೆಯಲ್ಲಿ, ಹಾಗೆಯೇ ಮೂಡಿಗೆರೆ, ಆಲ್ದೂರು ಕಡೆ, ಆನೆಗಳು ಕಾಡಿನಲ್ಲಿ ಅಲ್ಲ, ಕಾಫಿ ಗಿಡದ ನಡುವೆಯೇ ಇರುತ್ತವೆ. ಬೀಟಮ್ಮ ಅನ್ನುವ ಹೆಸರಿನ ಆನೆ ಗುಂಪು ಚಿಕ್ಕಮಗಳೂರಿನ ಹತ್ತಿರದ ಹಳ್ಳಿಗಳ ತನಕ ಬಂದದ್ದು ಎಲ್ಲರಿಗೂ ಗೊತ್ತು. ಸೈಕಲ್ ಸದ್ದು ಮಾಡುವುದಿಲ್ಲ. ಆನೆಗೂ ನೀವು ಬರುವುದು ತಿಳಿಯುವುದಿಲ್ಲ, ನಿಮಗೂ ತಿರುವಿನಾಚೆ ಏನಿದೆ ಗೊತ್ತಾಗುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಎರಡೂ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ. ಆನೆ ಎಲ್ಲಿದೆ ಅನ್ನುವ ಸುದ್ದಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ. ಹೊರಡುವ ಹಿಂದಿನ ರಾತ್ರಿ ಆ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ. ಬೆಳಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ಮೇಲೆ ಕಾಡಂಚಿನಲ್ಲಿ ಇರಬೇಡಿ. ಕುರುಡು ತಿರುವಿಗೆ ಮೊದಲು ಬೆಲ್ ಹೊಡೆಯಿರಿ, ಜೊತೆಯವರ ಜತೆ ಮಾತಾಡುತ್ತಾ ಹೋಗಿ. ಕಿವಿಗೆ ಇಯರ್‌ಫೋನ್ ಬೇಡ. ಹಸಿ ಲದ್ದಿ, ಮುರಿದ ಬೈನೆ ಮರ, ಬಗ್ಗಿದ ಸೋಲಾರ್ ಬೇಲಿ ಕಂಡರೆ ಅಲ್ಲಿಂದಲೇ ವಾಪಸ್. ಆನೆ ಕಂಡರೆ ಫೋಟೊಗೆ ನಿಲ್ಲದೆ, ಕೂಗದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಅಟ್ಟಿಸಿಕೊಂಡು ಬಂದರೆ ಸೈಕಲ್ ಬಿಟ್ಟು ಓಡಲು ಹಿಂಜರಿಯಬೇಡಿ. ಕಾಟಿ (ಕಾಡುಕೋಣ) ಒಂಟಿಯಾಗಿ ನಿಂತಿದ್ದರೆ ಅದಕ್ಕೂ ದೂರ ಕೊಡಿ. ಅರಣ್ಯ ಸಹಾಯವಾಣಿ 1926, ಆಂಬುಲೆನ್ಸ್ 108, ಉಳಿದ ತುರ್ತಿಗೆ 112. ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ನಕ್ಷೆ ಮೊದಲೇ ಇಳಿಸಿಕೊಳ್ಳಿ, ಯಾವ ದಾರಿ ಅಂತ ಮನೆಯಲ್ಲಿ ಹೇಳಿ ಹೊರಡಿ.

ಏಳನೇ ಹೆಜ್ಜೆ: ಬಂದ ಮೇಲೆ

ಸೈಕಲ್ ತೊಳೆಯುವುದು ಬರೀ ಚಂದಕ್ಕಲ್ಲ. ಟೈರಿನ ಕೆಸರಿನಲ್ಲಿ ಲಂಟಾನ, ಪಾರ್ಥೇನಿಯಂ ಬೀಜ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಹೊಲದ ಬದಿಯಿಂದ ಬಂದು ಮರುವಾರ ಗುಡ್ಡದ ಕಡೆ ಹೋಗುವವರು ಟೈರನ್ನು ಬ್ರಷ್ ಹಾಕಿ ತೊಳೆಯಲೇಬೇಕು. ಕೆಮ್ಮಣ್ಣಿನ ರಾಡಿ ಬ್ರೇಕ್ ಪ್ಯಾಡನ್ನು ಬೇಗ ಸವೆಸುತ್ತದೆ, ಪ್ಯಾಡ್ ತೆಗೆದು ದಪ್ಪ ನೋಡಿ. ಪ್ರೆಷರ್ ನೀರನ್ನು ಬೇರಿಂಗಿಗೆ ಹೊಡೆಸಬೇಡಿ.

ಇಂಬಳ ಹತ್ತಿದ್ದರೆ ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬೀಳುತ್ತದೆ, ಅದರಿಂದ ದೊಡ್ಡ ತೊಂದರೆ ಇಲ್ಲ. ಉಣುಗಿನ ವಿಷಯ ಹಾಗಲ್ಲ. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ಜ್ವರ ಚಿಕ್ಕಮಗಳೂರಿನ ಕೊಪ್ಪ, ಎನ್.ಆರ್. ಪುರ ಕಡೆಯಲ್ಲೂ ಬಂದಿದೆ. ಹರಡುವುದು ಉಣುಗಿನ ಕಚ್ಚುವಿಕೆಯಿಂದ. ಆ ತಿಂಗಳುಗಳಲ್ಲಿ ಕಾಡಂಚಿಗೆ ಹೋಗುವಾಗ ಉದ್ದ ಸಾಕ್ಸ್ ಹಾಕಿ, ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತರಗೆಲೆ ರಾಶಿಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿ ಹಿಂದೆ, ತೊಡೆ ಸಂದು, ಕಂಕುಳು ನೋಡಿಕೊಳ್ಳಿ. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆದು ತೆಗೆಯಿರಿ, ಉಗುರಿನಿಂದ ಹಿಸುಕಬೇಡಿ. ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಸವಾರಿಯ ಆಯಾಸ ಅಂದುಕೊಂಡು ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಯಾವ ಊರಿನ ಕಾಡಂಚಿಗೆ ಯಾವ ದಿನ ಹೋಗಿದ್ದಿರಿ ಅನ್ನುವುದನ್ನು ಮೊದಲೇ ಹೇಳಿ.